ಮೈನಿಂಗ್ ಕಾರ್ಡು

ಚೀಟಿ ಶುರುವಾದದ್ದು ಪ್ಯಾಂಟಿನ ಲೇಬಲ್ಲಿನ ಹಿಂಬದಿಯಲ್ಲಿ.
ಕೌಲ್‌ಬಜಾರಿನ ಯೂನಿಟ್ಟು, ಊಟದ ಹೊತ್ತು,
ಕಾಜಾ ಹೊಡೆವ ಮಷೀನಿಗೆ ಮೊಣಕೈ ಊರಿ
ಪ್ರೊಸೆಸರು, ಬೋರ್ಡು, ರ್‍ಯಾಮು ಅಂತ ಬರೆದೆ;
ಎದುರಿಗೆ ರೇಟು ಬರೆದೆ, ರೇಟು ಅಳಿಸಿದೆ.
ಒಂದು ಕಾಜಾಕ್ಕೆ ಇಷ್ಟು ಪೈಸೆಯಾದರೆ
ಒಂದು ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಸಾವಿರ ಪ್ಯಾಂಟು?
ಲೆಕ್ಕ ಇಣುಕಿ ನೋಡಿ ಮಾರೆಕ್ಕ ಅಂದಳು:
"ಅಷ್ಟು ಮಂದಿಗೆ ಸೊಂಟ ಐತೇನೇ ಈ ಊರಾಗ?"

ರಾಯಲ್ ಸರ್ಕಲ್ಲಿನ ಹಿಂದಿನ ಸಂದಿ, ದಾದಾಪೀರನ ಅಂಗಡಿ.
ಪ್ರೊಸೆಸರು ಸಣ್ಣದಾಗಿ ಕಾರ್ಡು ದೊಡ್ಡದಾದರೆ
ಬಾಟಲ್‌ನೆಕ್ ಆಗುತ್ತದೆ ಅಂತ
ಅರ್ಧ ತಾಸು ಬಿಡಿಸಿ ಹೇಳಿದ.
ನನಗದು ಹೊಸದಲ್ಲ.
ಕಟಿಂಗ್ ಮಾಸ್ಟರು ಬೆಳಿಗ್ಗೆಯೇ ಹಾಕಿಕೊಂಡು ಬಂದ ದಿನ
ಹತ್ತು ಮಷೀನು ಬಾಯಿ ತೆರೆದು ಕೂತಿರುತ್ತವೆ;
ಅವನು ನೆಟ್ಟಗಿದ್ದ ದಿನ
ನನ್ನ ಕಾಲಬುಡದಲ್ಲಿ ಪ್ಯಾಂಟುಗಳ ಗುಡ್ಡ.
ಇಡೀ ಲೈನು ಓಡುವುದು
ಎಲ್ಲರಿಗಿಂತ ನಿಧಾನದ ಕೈ ಓಡಿದಷ್ಟೇ.
ಇಷ್ಟು ಹೇಳಿದೆ. ದಾದಾಪೀರ ಚಹಾ ತರಿಸಿದ.

ಗಾಜಿನ ಮುಖದ ಕ್ಯಾಬಿನೆಟ್ಟು, ಒಳಗೆ ಬಣ್ಣದ ದೀಪ,
ಚೆಂದವೇನೋ ಹೌದು. ಗಾಳಿಗೆ ದಾರಿಯಿಲ್ಲ,
ಕೋಟು ತೊಟ್ಟ ಮದುಮಗನ ಹಾಗೆ ಒಳಗೇ ಬೇಯುತ್ತದೆ.
ಏಪ್ರಿಲ್ಲಿನಲ್ಲಿ ನಮ್ಮ ಗುಡ್ಡದ ಬಂಡೆ
ರಾತ್ರಿ ಹತ್ತಾದರೂ ಕಾವು ಉಗುಳುತ್ತಿರುತ್ತದೆ.
ಜಾಲರಿ ಮುಖದ್ದನ್ನೇ ತೆಗೆದುಕೊಂಡೆ.
ಅದಕ್ಕೆ ಫ್ಯಾನು ಮೂರು.
ಮನೆಯಲ್ಲಿರೋದು ಒಂದು.

ಎಸ್‌ಎಂಪಿಎಸ್ಸಿಗೆ ಚೌಕಾಸಿ ಮಾಡಲಿಲ್ಲ,
ಕರೆಂಟು ನೆಗೆದಾಡಿ ಮೋಟರು ಸುಟ್ಟ ವಾಸನೆ ಬಲ್ಲೆ.
ಕೊನೆಗೆ ಕಾರ್ಡಿಗೆ ದುಡ್ಡು ಮುಟ್ಟಲಿಲ್ಲ.

ಕಪಾಟಿನ ತಳದಿಂದ ಒಂದನ್ನು ತೆಗೆದ,
ಪೇಪರಿನಲ್ಲಿ ಸುತ್ತಿಟ್ಟದ್ದು, ಅರ್ಧ ಬೆಲೆ.
ತೆಗೆದವನೇ ತಡೆದ:
"ಬ್ಯಾಡಕ್ಕ, ಇದು ಮೈನಿಂಗ್ ಮಾಡಿದ್ದು.
ಎರಡು ವರ್ಷ ಹಗಲೂರಾತ್ರಿ ಓಡಿಸ್ಯಾರ.
ಯಾವಾಗ ಕೈ ಕೊಡತೈತೋ ಗೊತ್ತಿಲ್ಲ."
ಕಾಣದ ನಾಣ್ಯ ಅಗೆಯೋದಂತೆ.
ಗುದ್ದಲಿಯಿಲ್ಲ, ಮಣ್ಣಿಲ್ಲ, ಲಾರಿಯಿಲ್ಲ.

ಬಳ್ಳಾರಿಯಲ್ಲಿ ನಿಂತು ಹೇಳುವ ಮಾತೇ ಇದು!
ನಮ್ಮಪ್ಪ ಎರ್ರಿಸ್ವಾಮಿ ಸಂಡೂರಿನ ಅದಿರು ಹೊತ್ತದ್ದು
ಹನ್ನೊಂದು ವರ್ಷ, ಹಗಲೂರಾತ್ರಿ.
ಅವನ ಅಂಗಿ ಹಿಂಡಿದರೆ ಬಚ್ಚಲೆಲ್ಲ ಕುಂಕುಮ.
ಈಗಲೂ ಕೆಮ್ಮಿದರೆ
ಲಾರಿ ಏರು ಹತ್ತುವ ಸದ್ದು.
ಆದರೂ ದಿನಾ ಸಂಜೆ ಟಾರ್ಚು ಹಿಡಿದು
ಗೋಡೌನು ಕಾಯಲು ಹೋಗುತ್ತಾನೆ.
"ಕೊಡು," ಅಂದೆ.

ಮಷೀನು ಒರೆಸುವ ಬ್ರಷ್ಷಿನಲ್ಲೇ
ಅದರ ರೆಕ್ಕೆ ರೆಕ್ಕೆ ಉಜ್ಜಿದೆ.
ಉದುರಿದ ಧೂಳು ಬೂದು, ಕೆಂಪಲ್ಲ. ಯಾವೂರದೋ.
ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದೆ,
ಕಡಲೆಬೇಳೆಯಷ್ಟು.
ಸ್ವಿಚ್ಚು ಒತ್ತಿದೆ. ಏನಿಲ್ಲ.
ಮತ್ತೆ ಒತ್ತಿದೆ. ಏನೇನೂ ಇಲ್ಲ.
ಎಂಟು ತಿಂಗಳ ಕಾಜಾ ಕಣ್ಣ ಮುಂದೆ ಬಂದು ಹೋದವು.
ರ್‍ಯಾಮು ಪೂರ್ತಿ ಕೂತಿರಲಿಲ್ಲ. ಹೆಬ್ಬೆರಳಿಂದ ಅದುಮಿದೆ,
ಟಕ್ ಅಂತು.

ಆಟ ಹೆಸರು ಕೇಳಿತು. ಹುಲಿಗೆಮ್ಮ ಅಂತ ಟೈಪ್ ಮಾಡಿ
'ಗೆಮ್ಮ' ಅಳಿಸಿದೆ.

ವಾರದ ರಜೆ, ಅಪ್ಪ ಮನೆಯಲ್ಲಿದ್ದ.
ಬಾಗಿಲಲ್ಲೇ ನಿಂತು ನೋಡಿದ. ಲಾರಿ ಆಟ,
ಯಾವುದೋ ಹಿಮದ ದೇಶದ ರಸ್ತೆ.
ಬಂದು ಕೂತ. ಬಲಗಾಲು ತಾನಾಗಿ ಬ್ರೇಕು ಹುಡುಕಿತು,
ಸಿಕ್ಕಿದ್ದು ಬರೀ ನೆಲ.
ಒಂದು ತಿರುವು. ಇನ್ನೊಂದು.
"ಧೂಳೇ ಇಲ್ಲಲ್ಲೇ ಹುಲಿಗಿ,
ಮುಂದಿನ ಗಾಡಿ ಇಷ್ಟು ದೂರದಿಂದ ಕಾಣತೈತಿ!"
ಸ್ವಲ್ಪ ಹೊತ್ತಿಗೆ, "ಲೋಡ್ ಎಷ್ಟು ಹಾಕ್ಯಾರ?"
"ಇಪ್ಪತ್ತು ಟನ್ನು."
"ಅಷ್ಟೇನಾ?"

ಕಾರ್ಡು ಎಪ್ಪತ್ತೊಂದು ಡಿಗ್ರಿ. ಅಪ್ಪನ ಹಣೆಯಲ್ಲಿ ಬೆವರು.
ಮೂರೂ ಫ್ಯಾನು ತಿರುಗುತ್ತಿವೆ.
ನಾಲ್ಕನೆಯದು, ಮನೆಯದು,
ಯಾರ ಕಡೆ ತಿರುಗಿಸಲಿ ಅಂತ
ಅದರ ಕತ್ತು ಹಿಡಿದು ನಿಂತಿದ್ದೇನೆ.